ಮಾಲ್‌ನ ಬೆಂಚಿನ ಮೇಲೆ ಕೂತು ನೋಡಿದ್ದು: ಒಂಟಿಯಾಗಿರೋದು ಹುಡುಗರಾ, ಹಿರಿಯರಾ, ನಾವಾ?

ಮೂಲೆ ಬೆಂಚು:

ನನ್ನ ಮಗಳಿಗೆ ಮಾಲ್‌ನ ಮೇಲಿನ ಮಹಡಿಯಲ್ಲಿ ಶನಿವಾರ ಸ್ಕೇಟಿಂಗ್ ಕ್ಲಾಸ್ ಇದೆ. ಎರಡು ಗಂಟೆ. ಅವಳನ್ನು ಬಿಟ್ಟು ಮನೆಗೆ ಹೋಗಿ ಬರುವಷ್ಟು ಹೊತ್ತಿರುವುದಿಲ್ಲ, ಅದಕ್ಕೆ ಎಸ್ಕಲೇಟರ್ ಪಕ್ಕದ ಬೆಂಚಿನಲ್ಲಿ ಕೂತು ಕಾಯುತ್ತೇನೆ. ಮೊದಲೆರಡು ವಾರ ಫೋನ್ ನೋಡುತ್ತಾ ಕಳೆದೆ. ಮೂರನೇ ವಾರ ಫೋನ್ ಮಗಳ ಬ್ಯಾಗಿನಲ್ಲೇ ಉಳಿದುಬಿಟ್ಟಿತ್ತು, ಸುಮ್ನೆ ಜನರನ್ನು ನೋಡುತ್ತಾ ಕೂತೆ. ಅವತ್ತಿನಿಂದ ಅದೇ ಅಭ್ಯಾಸ ಆಯಿತು. ಈಗ ಹತ್ತು ವಾರ.

ಹಿರಿಯರು ಒಂದೇ ದಿಕ್ಕಿಗೆ ಮುಖ ಮಾಡಿ ಸಾಲಾಗಿ ಕೂರುತ್ತಾರೆ. ನಾಲ್ಕು ಮಾತು, ಆಮೇಲೆ ಐದು ನಿಮಿಷ ಮೌನ, ಆಮೇಲೆ ಮತ್ತೆ ಎರಡು ಮಾತು. ಆ ಮೌನ ಅವರಿಗೆ ಭಾರ ಅನ್ನಿಸುವುದೇ ಇಲ್ಲ. ಗುರುತಿಲ್ಲದವರ ಮಗು ಎದುರಿಗೆ ಓಡಿ ಬಂದರೆ ತಕ್ಷಣ ಮಾತಾಡಿಸುತ್ತಾರೆ, ಮಗುವಿನ ಮೂಲಕ ಅದರ ತಾಯಿಯನ್ನೂ ಮಾತಾಡಿಸುತ್ತಾರೆ.

ಹುಡುಗ ಹುಡುಗಿಯರು ಕೂರುವುದೇ ಅಪರೂಪ. ನಡು ಅಂಗಳದ ಸುತ್ತ ಇರುವ ಕಂಬಿಗೆ ಒರಗಿ ನಿಲ್ಲುತ್ತಾರೆ, ಹತ್ತು ನಿಮಿಷಕ್ಕೊಮ್ಮೆ ಇಡೀ ಗುಂಪು ಇನ್ನೊಂದು ಮೂಲೆಗೆ ಹೋಗುತ್ತದೆ. ಇವರು ಫೋನಿನಲ್ಲೇ ಮುಳುಗಿರುತ್ತಾರೆ ಅಂತ ನಾನೂ ನಂಬಿದ್ದೆ. ನೋಡಿದರೆ ಐದು ಜನರಿಗೆ ಒಂದು ಫೋನು, ಐದು ತಲೆ ಒಂದಕ್ಕೊಂದು ತಾಗುವಷ್ಟು ಹತ್ತಿರ, ಒಬ್ಬಳು ಏನೋ ತೋರಿಸುತ್ತಾಳೆ, ಉಳಿದವರು ಒಬ್ಬರ ಮೇಲೊಬ್ಬರು ಬಿದ್ದು ನಗುತ್ತಾರೆ. "ಬರ್ತೀನಿ" ಅಂದಮೇಲೂ ಎಸ್ಕಲೇಟರ್ ಬುಡದಲ್ಲಿ ಕಾಲು ಗಂಟೆ ನಿಂತಿರುತ್ತಾರೆ.

ಇನ್ನು ನನ್ನ ವಯಸ್ಸಿನವರು, ಅಂದರೆ 35ರಿಂದ 50ರವರೆಗಿನವರು. ನನಗೆ ಚಿಂತೆ ಹಚ್ಚಿದ್ದು ಇವರೇ. ಗಂಡ ಮುಂದೆ, ಹೆಂಡತಿ ಹಿಂದೆ, ಅಥವಾ ಹೆಂಡತಿ ಮುಂದೆ, ಗಂಡ ಬ್ಯಾಗ್ ಹೊತ್ತು ಹಿಂದೆ. "ಬಿಲ್ ಆಯ್ತಾ?" "ಗಾಡಿ ಯಾವ ಲೆವೆಲ್‌ನಲ್ಲಿ ನಿಲ್ಲಿಸಿದ್ದು?" "ಅವನು ಎಲ್ಲಿ ಹೋದ?" ಮಾತು ಅಷ್ಟೇ. ಸ್ನೇಹಿತರ ಜೊತೆ ಸುಮ್ನೆ ಬಂದ ನನ್ನ ವಯಸ್ಸಿನವರನ್ನು ಹತ್ತು ವಾರದಲ್ಲಿ ನೋಡಿದ್ದೇ ಇಲ್ಲ ಅನ್ನಬಹುದು. ಟ್ರಯಲ್ ರೂಂ ಹೊರಗೆ ಕಾಯುತ್ತಾ ನಿಂತವರು ಒಬ್ಬರನ್ನೊಬ್ಬರು ನೋಡುವುದೂ ಇಲ್ಲ, ಎಲ್ಲರ ತಲೆಯೂ ಬಗ್ಗಿರುತ್ತದೆ.

ಯಾವಾಗ ನೋಡಿದರೂ ನಾವು ಹುಡುಗರು ಕೆಟ್ಟರು, ಹಿರಿಯರು ಒಂಟಿಯಾದರು ಅಂತೀವಿ. ನನಗೆ ಕಂಡದ್ದು ಬೇರೆ. ಬೇರೆಯವರ ಜೊತೆ ಸುಮ್ನೆ ಇರುವುದನ್ನು ಮರೆತಿರುವವರು ನಡುವಯಸ್ಸಿನ ನಾವು. ನಿಮಗೆ ಏನನ್ನಿಸುತ್ತದೆ?

ಬೆಳಗಿನ ನಡಿಗೆ:

ನೀವು ನೋಡಿದ ಆ ಸಾಲಿನಲ್ಲಿ ಕೂರುವವರ ಪೈಕಿ ನಾನೂ ಒಬ್ಬ, ಊರು ಬೇರೆ ಇರಬಹುದು ಅಷ್ಟೇ. ವಯಸ್ಸು 71. ಬಾಗಿಲು ತೆಗೆದ ಹೊತ್ತಿಗೇ ಹೋಗುತ್ತೇನೆ. ಅಂಗಡಿಗಳು ಇನ್ನೂ ಶಟರ್ ಎತ್ತುತ್ತಿರುತ್ತವೆ. ನೆಲ ಸಮ, ಮಳೆ ಇಲ್ಲ, ಬಿಸಿಲಿಲ್ಲ, ನಾಯಿ ಕಾಟ ಇಲ್ಲ, ಹತ್ತಿರದಲ್ಲೇ ಶೌಚಾಲಯ ಇದೆ. ನಮ್ಮ ವಯಸ್ಸಿನಲ್ಲಿ ಎಲ್ಲಿಗೆ ಹೋಗಬೇಕು ಅನ್ನುವುದನ್ನು ಕೊನೆಗೆ ತೀರ್ಮಾನ ಮಾಡುವುದು ಶೌಚಾಲಯವೇ. ಕಿರಿಯರಿಗೆ ಇದು ಹೊಳೆಯುವುದಿಲ್ಲ.

ಪಕ್ಕಪಕ್ಕ ಯಾಕೆ ಕೂರುತ್ತೇವೆ ಅಂತ ಹೇಳುತ್ತೇನೆ. ನನಗೆ ಬಲಗಿವಿ ಮಂದ. ಎಡಗಡೆ ಕೂತವರ ಮಾತು ಮಾತ್ರ ಕೇಳಿಸುತ್ತದೆ. ವಯಸ್ಸಾದಂತೆ ಮೊದಲು ಹೋಗುವುದು ಕೀರಲು ದನಿಯ ಸಣ್ಣ ಸಣ್ಣ ಸದ್ದುಗಳು. ಸ, ಶ, ತ ಇಂಥ ಅಕ್ಷರಗಳು ಕಿವಿಗೆ ಸಿಗದೆ ಜಾರಿಹೋಗುತ್ತವೆ. ದನಿ ಕೇಳಿಸುತ್ತದೆ, ಮಾತು ತಿಳಿಯುವುದಿಲ್ಲ. ಮಾಲ್‌ನಲ್ಲಂತೂ ಗಾಜು, ಕಲ್ಲಿನ ನೆಲ, ಎತ್ತರದ ಚಾವಣಿ, ಸದ್ದು ಎಲ್ಲೆಲ್ಲೋ ಬಡಿದು ವಾಪಸ್ ಬರುತ್ತದೆ. ಮೇಲೆ ಹಾಡು ಬೇರೆ. ಸಂಜೆ ಹೊತ್ತು ನನಗೆ ಅಲ್ಲಿ ಏನೂ ತಿಳಿಯುವುದಿಲ್ಲ, ಅದಕ್ಕೇ ಬೆಳಿಗ್ಗೆ ಹೋಗುವುದು. ನೀವು ಕಂಡ ಆ ಐದು ನಿಮಿಷದ ಮೌನದಲ್ಲಿ ಅರ್ಧ ನೆಮ್ಮದಿ, ಇನ್ನರ್ಧ ಕೇಳಿಸದೇ ಇರುವುದು.

ನನ್ನ ಹೆಂಡತಿ ಹೋಗಿ ಮೂರು ವರ್ಷ ಆಯಿತು. ಆಮೇಲೆ ಈ ನಾಲ್ಕು ಜನ ಸಿಕ್ಕರು. ಒಬ್ಬರ ಮನೆ ಎಲ್ಲಿ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಆದರೆ ಎರಡು ದಿನ ಬರದಿದ್ದರೆ ಮೂರನೇ ದಿನ ಫೋನ್ ಬರುತ್ತದೆ. ಮಗ ವಾರಕ್ಕೊಮ್ಮೆ ಫೋನ್ ಮಾಡುತ್ತಾನೆ, ಅವನ ಮೇಲೆ ದೂರಿಲ್ಲ. ಆದರೆ ಇವತ್ತು ನಾನು ಎದ್ದೆನೋ ಇಲ್ಲವೋ ಅಂತ ತಿಳಿದಿರುವುದು ಈ ನಾಲ್ವರಿಗೆ.

ಇನ್ನೊಂದು ಸಂಗತಿ. ನಾವು ಕೂರುತ್ತಿದ್ದ ಕಡೆ ಬೆನ್ನು ಮತ್ತು ಕೈಹಿಡಿ ಇದ್ದ ಬೆಂಚುಗಳನ್ನು ತೆಗೆದು ಗುಂಡನೆಯ ಮೆತ್ತನೆ ಆಸನ ಹಾಕಿದ್ದಾರೆ. ನೋಡಲು ಚೆಂದ. ಆದರೆ ಕೈ ಊರಲು ಏನೂ ಇಲ್ಲ, ಅದರಿಂದ ಏಳುವುದಕ್ಕೆ ನನಗೆ ಇನ್ನೊಬ್ಬರ ಭುಜ ಬೇಕು.

ಕಂಬಿ ಪಕ್ಕ:

ನನಗೆ 18. ನಾವು ಯಾಕೆ ನಿಲ್ಲುತ್ತೇವೆ ಅಂತ ಯಾರಾದರೂ ಕೇಳಲಿ ಅಂತ ಕಾಯುತ್ತಿದ್ದೆ, ಹೇಳುತ್ತೇನೆ ಕೇಳಿ. ಕೂತರೆ ಎಬ್ಬಿಸುತ್ತಾರೆ! ಫುಡ್ ಕೋರ್ಟ್‌ನಲ್ಲಿ ಏನಾದರೂ ಕೊಳ್ಳದೆ ಕೂರುವಂತಿಲ್ಲ. ಕೊಂಡರೂ ಅರ್ಧ ಗಂಟೆ ಆದಮೇಲೆ ಟೇಬಲ್ ಒರೆಸಲು ಮೂರು ಸಲ ಬರುತ್ತಾರೆ. ಬೆಂಚಿನಲ್ಲಿ ಐದು ಜನ ಕೂತರೆ ಸೆಕ್ಯೂರಿಟಿ ಬಂದು "ಗುಂಪು ಮಾಡಬೇಡಿ" ಅಂತಾರೆ. ಅದೇ ಐದು ಜನ ನಮ್ಮ ಅಪ್ಪ ಅಮ್ಮನ ವಯಸ್ಸಿನವರಾಗಿದ್ದರೆ ಯಾರೂ ಏನೂ ಅನ್ನಲ್ಲ. ಅದಕ್ಕೇ ನಾವು ನಡೀತಾನೇ ಇರ್ತೀವಿ. ನಡೆಯುವವರನ್ನು ಯಾರೂ ಏಳಿಸಲ್ಲ ಅಲ್ವಾ.

ಕಂಬಿ ಪಕ್ಕ ನಿಲ್ಲುವುದಕ್ಕೂ ಕಾರಣ ಇದೆ. ಅಲ್ಲಿಂದ ಮೂರೂ ಮಹಡಿ ಕಾಣಿಸುತ್ತದೆ. ತಡವಾಗಿ ಬರುವ ಗೆಳತಿಗೆ ನಾವು ಕಾಣಿಸುತ್ತೇವೆ. ನೆಂಟರು ಬರುತ್ತಿದ್ದರೆ ನಮಗೂ ಮೊದಲೇ ಕಾಣಿಸುತ್ತದೆ. 

ಫೋನಿನ ವಿಷಯ ನೀವು ಸರಿಯಾಗಿ ನೋಡಿದ್ದೀರಿ, ಖುಷಿಯಾಯಿತು. ಒಂದು ಸೇರಿಸುತ್ತೇನೆ. ಬರಲಾಗದ ಗೆಳತಿ ಎಷ್ಟೋ ಸಲ ಆ ಫೋನಿನಲ್ಲೇ ಇರುತ್ತಾಳೆ. ವಿಡಿಯೋ ಕಾಲ್ ಹಾಕಿ ಅವಳನ್ನು ಕೈಯಲ್ಲಿ ಹಿಡಿದುಕೊಂಡೇ ಅಂಗಡಿ ಸುತ್ತುತ್ತೇವೆ. ನಮ್ಮಲ್ಲಿ ಒಬ್ಬಳನ್ನು ಮನೆಯಿಂದ ಆಚೆ ಬಿಡುವುದೇ ಇಲ್ಲ, ಅವಳ ಮಟ್ಟಿಗೆ ಮಾಲ್ ಅಂದರೆ ಅದು.

ಮಾಲ್ ಯಾಕೆ ಅಂದರೆ, ಮನೆಯಲ್ಲಿ "ಎಲ್ಲಿಗೆ?" ಅಂತ ಕೇಳಿದಾಗ ಜಗಳ ಇಲ್ಲದೆ ಒಪ್ಪುವ ಉತ್ತರ ಇದೊಂದೇ. ಬೆಳಕಿದೆ, ಕ್ಯಾಮೆರಾ ಇದೆ, ಜನ ಇದ್ದಾರೆ.

ಎರಡನೇ ಪಾಳಿ:

ತಂಗೀ, "ಗುಂಪು ಮಾಡಬೇಡಿ" ಅನ್ನುವವನು ನಾನೇ. ಬೇರೆ ಮಾಲ್ ಇರಬಹುದು, ಕೆಲಸ ಅದೇ. ಆರು ವರ್ಷದಿಂದ ಮಾಡುತ್ತಿದ್ದೇನೆ. ಮೇಲಿನವರು ಹೇಳಿದ್ದನ್ನು ನಾವು ಹೇಳುತ್ತೇವೆ. ಕ್ಯಾಮೆರಾದಲ್ಲಿ ಗುಂಪು ಕಂಡರೆ ವಾಕಿಟಾಕಿಯಲ್ಲಿ ನಮಗೆ ಬೈಗುಳ ಬರುತ್ತದೆ. ಎಬ್ಬಿಸುವಾಗ ಬೇಜಾರಾಗುತ್ತದೆ, ನನಗೂ ನಿನ್ನ ವಯಸ್ಸಿನ ಮಗ ಇದ್ದಾನೆ.

ನಾನು ಬಾಗಿಲಲ್ಲಿ ನಿಂತು ಕಂಡದ್ದು ಹೇಳುತ್ತೇನೆ. ಹಿರಿಯರು ನನ್ನ ಮುಖ ನೋಡುತ್ತಾರೆ. ಬ್ಯಾಗ್ ಮೆಷಿನ್ನಿಗೆ ಹಾಕುತ್ತಲೇ "ಊಟ ಆಯ್ತಾ" ಅಂತ ಕೇಳುತ್ತಾರೆ. ಚಿಕ್ಕ ಮಕ್ಕಳು ಕೈ ಆಡಿಸುತ್ತಾರೆ. ಹುಡುಗರು ಮೊದಲ ಸಲ ಬಂದಾಗ ಹೆದರಿಕೊಂಡು ಒಳಗೆ ಹೋಗುತ್ತಾರೆ, ನಾಲ್ಕನೇ ಸಲಕ್ಕೆ "ಅಣ್ಣಾ" ಅಂತಾರೆ. ನಡುವಯಸ್ಸಿನವರು ಮಾತ್ರ ಕೈ ಎತ್ತಿ ತಪಾಸಣೆ ಮಾಡಿಸಿಕೊಂಡು ಫೋನ್ ನೋಡುತ್ತಲೇ ಹೋಗುತ್ತಾರೆ. ಕೆಟ್ಟವರಲ್ಲ. ಅವರ ತಲೆ ತುಂಬ ಏನೋ ಇರುತ್ತದೆ, ಅದು ಮುಖದಲ್ಲೇ ಕಾಣುತ್ತದೆ.

ಒಂದು ಸಲ ಒಬ್ಬ ಅಜ್ಜಿ ಯಾವ ಮಹಡಿಯಿಂದ ಬಂದೆ ಅನ್ನುವುದನ್ನೇ ಮರೆತು ಗಾಬರಿಯಾಗಿ ನಿಂತಿದ್ದರು. ನಾನು ಜಾಗ ಬಿಟ್ಟು ಹೋಗುವ ಹಾಗಿಲ್ಲ. ಆಗ ಅಜ್ಜಿಯನ್ನು ಮೂರು ಮಹಡಿ ಸುತ್ತಿಸಿ, ಕೈ ಹಿಡಿದು ಎಸ್ಕಲೇಟರ್ ಹತ್ತಿಸಿ, ಮಗಳ ಹತ್ತಿರ ಬಿಟ್ಟು ಬಂದದ್ದು ಯಾರು ಗೊತ್ತಾ? ನಾನು ಅರ್ಧ ಗಂಟೆ ಮುಂಚೆ ಎಬ್ಬಿಸಿ ಕಳಿಸಿದ್ದ ಹುಡುಗರ ಗುಂಪು. ಅವತ್ತಿನಿಂದ ನಾನು ಅವರನ್ನು ಎಬ್ಬಿಸಬೇಕಾದರೆ ಮೊದಲು ಹತ್ತಿರ ಹೋಗಿ ಎರಡು ಮಾತಾಡುತ್ತೇನೆ, ಆಮೇಲೆ ಹೇಳುತ್ತೇನೆ.

ನಕ್ಷೆ ಪೆನ್ಸಿಲ್:

ಕಟ್ಟಡ ವಿನ್ಯಾಸ ಕಲಿಸುವ ಕೆಲಸ ನನ್ನದು. ಈ ಎಬ್ಬಿಸುವುದು, ಬೆಂಚು ತೆಗೆಯುವುದು ಓದಿ ಹೊಟ್ಟೆ ಉರಿಯಿತು. ಯಾಕೆಂದರೆ ಮಾಲ್ ಹುಟ್ಟಿದ್ದೇ ಜನ ಸೇರಲಿ ಅಂತ.

ವಿಕ್ಟರ್ ಗ್ರೂಯೆನ್ ಅಂತ ಒಬ್ಬ ವಾಸ್ತುಶಿಲ್ಪಿ. 1903ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದವರು, ನಾಜಿಗಳು ಆಸ್ಟ್ರಿಯಾ ಹಿಡಿದ 1938ರಲ್ಲಿ ಅಮೆರಿಕಕ್ಕೆ ತಪ್ಪಿಸಿಕೊಂಡು ಹೋದವರು. ಅಲ್ಲಿ ಊರಾಚೆಯ ಬಡಾವಣೆಗಳಲ್ಲಿ ಜನ ಕಾರಿನಿಂದ ಮನೆಗೆ, ಮನೆಯಿಂದ ಕಾರಿಗೆ ಓಡಾಡುತ್ತಾ ಒಬ್ಬರಿಗೊಬ್ಬರು ಸಿಗದೇ ಹೋಗುವುದನ್ನು ನೋಡಿ ಸಂಕಟಪಟ್ಟರು. ವಿಯೆನ್ನಾದ ಚೌಕದ ಹಾಗೆ, ಜನ ಸುಮ್ನೆ ಬಂದು ಕೂತು ಒಬ್ಬರನ್ನೊಬ್ಬರು ನೋಡುವ ಜಾಗ ಮಾಡಬೇಕು ಅಂತ ಹೊರಟರು. ಮಿನೆಸೋಟದ ಈಡೈನಾದಲ್ಲಿ 1956ರ ಅಕ್ಟೋಬರ್‌ನಲ್ಲಿ ಬಾಗಿಲು ತೆಗೆದ ಸೌತ್‌ಡೇಲ್ ಅವರು ಮಾಡಿದ್ದು. ಪೂರ್ತಿ ಮುಚ್ಚಿದ, ಚಳಿಗಾಲದಲ್ಲೂ ಬೆಚ್ಚಗಿಟ್ಟ ಮೊದಲ ಮಾಲ್ ಅದು. ನಡುವೆ ದೊಡ್ಡ ಅಂಗಳ, ಮರ, ಕಾರಂಜಿ, ಹಕ್ಕಿಗಳ ಪಂಜರ. ಸುತ್ತ ಮನೆ, ಶಾಲೆ, ಆಸ್ಪತ್ರೆ, ಉದ್ಯಾನ ಎಲ್ಲ ಬರಬೇಕು ಅಂತ ಅವರ ಆಸೆ. ಅವರು ಅಂದುಕೊಂಡ ಆ ಊರು ಬರಲಿಲ್ಲ, ಅಂಗಡಿ ಮತ್ತು ಪಾರ್ಕಿಂಗ್ ಮಾತ್ರ ಉಳಿಯಿತು. ಅದನ್ನೇ ಎಲ್ಲ ಕಡೆ ನಕಲು ಮಾಡಿದರು. 1978ರಲ್ಲಿ ಲಂಡನ್‌ನಲ್ಲಿ ಮಾತಾಡುತ್ತಾ, ಇವು ನನ್ನ ಮಕ್ಕಳಲ್ಲ, ಇವುಗಳ ಹೊಣೆ ನನಗೆ ಹೊರಿಸಬೇಡಿ ಅನ್ನುವ ಅರ್ಥದಲ್ಲಿ ಖಾರವಾಗಿ ಹೇಳಿದರು. ಎರಡು ವರ್ಷಕ್ಕೆ ತೀರಿಕೊಂಡರು.

ಹಿರಿಯರೇ, ನಿಮ್ಮ ಕೈಹಿಡಿ ಇಲ್ಲದ ಆಸನ ಅಂದಾಗ ನನಗೆ ವಿಲಿಯಂ ವೈಟ್ ನೆನಪಾದರು. 1970ರ ದಶಕದಲ್ಲಿ ನ್ಯೂಯಾರ್ಕ್‌ನ ಚೌಕಗಳಲ್ಲಿ ಕ್ಯಾಮೆರಾ ಇಟ್ಟು ಜನ ಹೇಗೆ ಕೂರುತ್ತಾರೆ, ನಿಲ್ಲುತ್ತಾರೆ ಅಂತ ವರ್ಷಗಟ್ಟಲೆ ನೋಡಿದವರು. ಜನ ಎಲ್ಲಿ ಕೂರುತ್ತಾರೆ ಅಂದರೆ ಕೂರಲು ಜಾಗ ಇರುವಲ್ಲಿ! ಕೇಳಿದರೆ ಇಷ್ಟೇನಾ ಅನ್ನಿಸುತ್ತದೆ, ಆದರೆ ಕಟ್ಟುವವರಿಗೆ ಇದು ತಿಳಿದಿರಲಿಲ್ಲ. ಎತ್ತಿ ಸರಿಸಬಹುದಾದ ಕುರ್ಚಿ ಇಟ್ಟರೆ ಜನ ಕೂರುವ ಮೊದಲು ಅದನ್ನು ಸ್ವಲ್ಪ ಆಚೀಚೆ ಎಳೆಯುತ್ತಾರೆ, ಎಷ್ಟೋ ಸಲ ಎಳೆದು ಮತ್ತೆ ಅಲ್ಲಿಗೇ ತರುತ್ತಾರೆ. ಈ ಜಾಗ ನನ್ನದು ಅನ್ನಿಸಲು ಅಷ್ಟು ಸಾಕು. ಮಾತಿಗೆ ನಿಂತವರು ದಾರಿ ಬಿಟ್ಟು ಪಕ್ಕಕ್ಕೆ ಹೋಗುತ್ತಾರೆ ಅಂತ ಅವರು ಎಣಿಸಿದ್ದರಂತೆ, ನೋಡಿದರೆ ಜನ ಓಡಾಡುವ ನಟ್ಟನಡುವೆಯೇ ನಿಂತು ಮಾತಾಡುತ್ತಿದ್ದರು. ಎಸ್ಕಲೇಟರ್ ಬುಡದಲ್ಲಿ ಕಾಲು ಗಂಟೆ ಬೀಳ್ಕೊಡುವ ಹುಡುಗಿಯರು ಮಾಡುತ್ತಿರುವುದೂ ಅದೇ. ಅದು ಅಶಿಸ್ತಲ್ಲ, ಮನುಷ್ಯರ ಸ್ವಭಾವ.

ಹುಡುಗರನ್ನು ಓಡಿಸುವುದಕ್ಕೆ ಎಲ್ಲಿಯವರೆಗೆ ಹೋಗಿದ್ದಾರೆ ನೋಡಿ. ಬ್ರಿಟನ್ನಿನಲ್ಲಿ 2005ರಲ್ಲಿ 'ಮಸ್ಕಿಟೋ' ಅನ್ನುವ ಯಂತ್ರ ಬಂತು. 17 ಕಿಲೋಹರ್ಟ್ಸ್‌ಗೂ ಮೇಲಿನ ಕೀರಲು ಸದ್ದು ಮಾಡುತ್ತದೆ. ಚಿಕ್ಕ ವಯಸ್ಸಿನವರಿಗೆ ಮಾತ್ರ ಕೇಳಿಸುತ್ತದೆ, ದೊಡ್ಡವರಿಗೆ ಹೆಚ್ಚಾಗಿ ಕೇಳಿಸುವುದೇ ಇಲ್ಲ. ಅಂಗಡಿ ಮುಂದೆ ಹುಡುಗರು ನಿಲ್ಲದಿರಲಿ ಅಂತ ಹಾಕುತ್ತಾರೆ. ಮೇಲೆ ಹಿರಿಯರು ಹೇಳಿದ ಅದೇ ಕಿವಿಯ ಸಂಗತಿ ಇಲ್ಲಿ ಮಕ್ಕಳನ್ನು ಅಟ್ಟುವ ಕೋಲಾಗಿದೆ. ಆ ಸದ್ದು ಕೈಗೂಸಿಗೂ ಕೇಳಿಸುತ್ತದೆ, ಅದು ಎದ್ದು ಹೋಗಲಾರದು. ಅಮೆರಿಕದ ಮಾಲ್ ಆಫ್ ಅಮೆರಿಕದಲ್ಲಿ 1996ರಿಂದಲೇ ಶುಕ್ರವಾರ, ಶನಿವಾರ ಸಂಜೆ 16 ತುಂಬದವರು ದೊಡ್ಡವರ ಜೊತೆ ಇರಲೇಬೇಕು ಅಂತ ನಿಯಮ ಮಾಡಿದರು.

ಅರ್ಧ ಒಪ್ಪಿಗೆ:

ಎಲ್ಲರೂ ಚೆನ್ನಾಗಿ ಬರೆದಿದ್ದೀರಿ, ಆದರೆ ನನಗೆ ಒಂದು ತಕರಾರಿದೆ. ಮಾಲ್ ಅನ್ನು ಊರ ಚೌಕ ಅಂತ ಒಪ್ಪಲು ನನ್ನಿಂದ ಆಗುವುದಿಲ್ಲ. ಅದು ಒಬ್ಬರ ಸ್ವಂತ ಜಾಗ. ಇಷ್ಟ ಇದ್ದರೆ ಒಳಗೆ ಬಿಡುತ್ತಾರೆ, ಇಲ್ಲದಿದ್ದರೆ ಇಲ್ಲ. ರೇ ಓಲ್ಡನ್‌ಬರ್ಗ್ ಎಂಬ ಸಮಾಜಶಾಸ್ತ್ರಜ್ಞ 1989ರಲ್ಲಿ 'ಮೂರನೇ ಜಾಗ' ಅಂತ ಒಂದು ಮಾತು ಹೇಳಿದರು. ಮನೆ ಮೊದಲನೆಯದು, ಕೆಲಸ ಎರಡನೆಯದು, ಇವೆರಡೂ ಅಲ್ಲದೆ ಜನ ಸುಮ್ನೆ ಸೇರುವ ಜಾಗ ಮೂರನೆಯದು. ಅಲ್ಲಿ ಮೇಲು ಕೀಳಿಲ್ಲ, ಮಾತೇ ಮುಖ್ಯ ಕೆಲಸ, ದಿನಾ ಬರುವವರೇ ಆ ಜಾಗದ ಜೀವ. ಹಿರಿಯರ ಆ ನಾಲ್ಕು ಜನರ ಗುಂಪು ಇದಕ್ಕೆ ಸರಿಹೊಂದುತ್ತದೆ. ಆದರೆ ಮಾಲ್ ಹೊಂದುತ್ತದಾ? ಹಳೆ ಚಪ್ಪಲಿ, ಮಾಸಿದ ಬಟ್ಟೆ ಹಾಕಿಕೊಂಡು ಬಂದವರು ಬಾಗಿಲಲ್ಲೇ ಹಿಂಜರಿಯುತ್ತಾರೆ. ನನ್ನ ಅಪ್ಪ ಹಾಗೇ ಹಿಂಜರಿದು ಹೊರಗಿನ ಕಟ್ಟೆಯ ಮೇಲೇ ಕೂತಿದ್ದರು, ನಾನು ಒಳಗೆ ಹೋಗಿ ಬರುವವರೆಗೆ. ಆ ಕಟ್ಟೆ ಮೇಲೆ ಕೂತವರನ್ನೂ ಸೇರಿಸಿ ಎಣಿಸಿ. ಬೆಂಚಿನಿಂದ ಅವರು ಕಾಣುವುದಿಲ್ಲ.

ಮೂಲೆ ಬೆಂಚು:

ನೀವು ಹೇಳಿದ್ದು ನನಗೆ ನಾಟಿತು. ನಾನು ಒಳಗಿದ್ದವರನ್ನು ಮಾತ್ರ ನೋಡಿದ್ದೆ. ಮುಂದಿನ ಶನಿವಾರ ಹೊರಗಿನ ಕಟ್ಟೆಯ ಮೇಲೆ ಅರ್ಧ ಗಂಟೆ ಕೂರುತ್ತೇನೆ.

ಕಂಬಿ ಪಕ್ಕ:

ಆದರೆ ನಾವು ಹೋಗುವುದು ಎಲ್ಲಿಗೆ ಹೇಳಿ. ಪಾರ್ಕ್ ಕತ್ತಲಾದರೆ ಮುಚ್ಚುತ್ತದೆ, ಲೈಬ್ರರಿಯಲ್ಲಿ ಮಾತಾಡುವ ಹಾಗಿಲ್ಲ.

ತೊಟ್ಟಿಲ ಕೈ:

ನಡುವಯಸ್ಸಿನವರ ಪರವಾಗಿ ಒಬ್ಬರಾದರೂ ಮಾತಾಡಬೇಕಲ್ಲ. ನನಗೆ 36, ಎರಡು ಮಕ್ಕಳು, ಚಿಕ್ಕದಕ್ಕೆ ಎಂಟು ತಿಂಗಳು. "ಬಿಲ್ ಆಯ್ತಾ, ಗಾಡಿ ಎಲ್ಲಿ" ಅನ್ನುವುದು ಬರೀ ಲೆಕ್ಕಾಚಾರ ಅಂತ ನಿಮಗೆ ಕೇಳಿಸಿರಬಹುದು. ನಾನು ಕೇಳದೇ ಅವರು ಬ್ಯಾಗ್ ಹಿಡಿಯುತ್ತಾರೆ, ಅವರು ಹೇಳದೇ ನಾನು ದೊಡ್ಡವಳ ಶೂ ಕಟ್ಟುತ್ತೇನೆ. ದೂರದಿಂದ ನೋಡಿದವರಿಗೆ ಅದು ಮೌನ. ಆದರೂ ಸ್ನೇಹಿತರ ವಿಷಯದಲ್ಲಿ ನೀವು ಹೇಳಿದ್ದು ನಿಜ, ನನಗೆ ಅದು ಓದಿ ನೋವಾಯಿತು.

ನಮ್ಮ ವಯಸ್ಸಿನವರು ಮಾತಾಡುವ ಒಂದು ಜಾಗ ಆ ಮಾಲ್‌ನಲ್ಲೇ ಇದೆ, ನಿಮ್ಮ ಬೆಂಚಿನಿಂದ ಕಾಣುವುದಿಲ್ಲ. ಮಗುವಿಗೆ ಹಾಲು ಕುಡಿಸುವ ಕೋಣೆ. ಮೂರು ಕುರ್ಚಿ, ಒಂದು ಪರದೆ, ಡೈಪರ್ ಬದಲಿಸಲು ಒಂದು ಹಲಗೆ. ಅಲ್ಲಿಗೆ ಬಂದವರು ಯಾರೂ ಸುಮ್ಮನಿರುವುದಿಲ್ಲ. "ಎಷ್ಟು ತಿಂಗಳು?" ಅಂತ ಶುರುವಾದರೆ ರಾತ್ರಿ ನಿದ್ದೆ, ಕೆಲಸ ಬಿಟ್ಟದ್ದು, ಮೊಲೆತೊಟ್ಟು ಒಡೆದದ್ದು, ಅತ್ತದ್ದು, ಎಲ್ಲ ಹತ್ತು ನಿಮಿಷದಲ್ಲಿ ಬರುತ್ತದೆ. ಹೆಸರು ಕೇಳುವುದೇ ಇಲ್ಲ. ಒಂದು ದಿನ ನನ್ನ ಮಗು ಹಿಡಿಯದೆ ಅಳುತ್ತಿತ್ತು, ನಾನೂ ಅಳುವ ಸ್ಥಿತಿಯಲ್ಲಿದ್ದೆ. ಮೊಮ್ಮಗುವನ್ನು ಕರೆತಂದಿದ್ದ ಒಬ್ಬ ಅಮ್ಮ ಬಂದು ನನ್ನ ಮೊಣಕೈ ಕೆಳಗೆ ತಮ್ಮ ಶಾಲು ಮಡಚಿ ಇಟ್ಟರು, ಅಷ್ಟೇ. ಮಗು ಹಿಡಿಯಿತು. ಅವರು ತಿರುಗಿ ತಮ್ಮ ಮೊಮ್ಮಗುವಿನ ಕಡೆ ಹೋದರು. ಬಾಗಿಲ ಹೊರಗೆ ಮತ್ತೆ ಸಿಕ್ಕಾಗ ಇಬ್ಬರೂ ಬರೀ ನಕ್ಕೆವು. ಮಾಲ್‌ನವರು ಈಗ ಆ ಕೋಣೆಯ ಒಂದು ಕುರ್ಚಿ ತೆಗೆದು ಅಲ್ಲಿ ಜಾಹೀರಾತಿನ ಪರದೆ ನಿಲ್ಲಿಸಿದ್ದಾರೆ.

ಬೆಳಗಿನ ನಡಿಗೆ:

ತಾಯೀ, ಇದನ್ನು ಓದಿ ಕಣ್ಣು ಒದ್ದೆಯಾಯಿತು. ಆ ಕುರ್ಚಿ ವಾಪಸ್ ಬೇಕು ಅಂತ ದೂರು ಪುಸ್ತಕದಲ್ಲಿ ಬರೆಯಿರಿ. ನಾವು ಐವರೂ ನಮ್ಮ ಮಾಲ್‌ನಲ್ಲಿ ಕೈಹಿಡಿ ಇರುವ ಬೆಂಚಿಗಾಗಿ ನಾಳೆಯೇ ಬರೆಯುತ್ತೇವೆ.

ಎರಡನೇ ಪಾಳಿ:

ಬರೆಯಿರಿ ಸರ್. ನಾವು ಹೇಳಿದರೆ ನಡೆಯಲ್ಲ. ಗಿರಾಕಿಗಳು ಬರೆದದ್ದನ್ನು ತಿಂಗಳ ಮೀಟಿಂಗಿನಲ್ಲಿ ಓದುತ್ತಾರೆ. ಒಬ್ಬರು ಬರೆದರೆ ಸಾಲದು, ಬೇರೆ ಬೇರೆ ದಿನ ಬೇರೆ ಬೇರೆಯವರು ಬರೆಯಬೇಕು. ಸಾಧ್ಯವಾದರೆ ಬಾಗಿಲಲ್ಲಿ ನಿಲ್ಲುವವರಿಗೂ ಒಂದು ಸ್ಟೂಲ್ ಅಂತ ಒಂದು ಸಾಲು ಸೇರಿಸಿ.

ಮೂಲೆ ಬೆಂಚು:

ಈ ಶನಿವಾರ ಹೋಗಿ ಬಂದೆ. ಮೊದಲು ಹೊರಗಿನ ಕಟ್ಟೆ. ಅಲ್ಲಿ ಡ್ರೈವರ್‌ಗಳು, ಪಾರ್ಸಲ್ ತಲುಪಿಸುವ ಹುಡುಗರು, ಪಾಳಿ ಮುಗಿಸಿದ ಕ್ಲೀನಿಂಗ್ ಹೆಂಗಸರು, ಹತ್ತು ಹನ್ನೆರಡು ಜನ. ಒಳಗಿಗಿಂತ ಜಾಸ್ತಿ ಮಾತು ಅಲ್ಲಿತ್ತು, ವಯಸ್ಸಿನ ಅಂತರವೂ ಇರಲಿಲ್ಲ, ಇಪ್ಪತ್ತರವನ ಪಕ್ಕದಲ್ಲೇ ಅರವತ್ತರವರು. ಯಾರೋ ನನಗೂ ಸರಿದು ಜಾಗ ಕೊಟ್ಟರು.

ಆಮೇಲೆ ಒಳಗೆ ಹೋಗಿ ನನ್ನ ಬೆಂಚು ಬಿಟ್ಟು ಹಿರಿಯರ ಸಾಲಿನ ತುದಿಯಲ್ಲಿ ಕೂತೆ. ಸ್ವಲ್ಪ ಹೊತ್ತಿಗೆ ಪಕ್ಕದಲ್ಲಿದ್ದವರು ನನ್ನ ಕಡೆ ತಿರುಗದೆಯೇ ಕೇಳಿದರು, "ಮಗಳ ಕ್ಲಾಸ್ ಎಷ್ಟು ಹೊತ್ತಿಗೆ ಮುಗಿಯುತ್ತೆ?" ನಾನು ದಂಗಾದೆ. "ನೀವು ಆ ಬೆಂಚಿನಲ್ಲಿ ಕೂತು ನಮ್ಮನ್ನು ನೋಡ್ತಿದ್ರಿ, ನಾವೂ ನೋಡ್ತಿದ್ವಿ. ಯಾವಾಗ್ಲೂ ಒಬ್ರೇ ಇರ್ತೀರಿ. ಇವತ್ತು ಬರ್ತಾರೆ, ಮುಂದಿನ ವಾರ ಬರ್ತಾರೆ ಅಂತ ನಾವು ಮಾತಾಡ್ಕೋತಿದ್ವಿ" ಅಂದರು. ಆಮೇಲೆ ಐದು ನಿಮಿಷ ಯಾರೂ ಮಾತಾಡಲಿಲ್ಲ. ನಾನೂ ಮಾತಾಡಲಿಲ್ಲ, ಫೋನೂ ತೆಗೆಯಲಿಲ್ಲ.

ಮನೆಗೆ ಬಂದು ಕಾಲೇಜಿನ ಗೆಳೆಯನೊಬ್ಬನಿಗೆ ಫೋನ್ ಮಾಡಿದೆ. ಒಂದೇ ಊರಿನಲ್ಲಿದ್ದೂ ನಾವು ಭೇಟಿಯಾಗಿ ಎರಡು ವರ್ಷ ದಾಟಿತ್ತು. ಏನು ಕೆಲಸ ಅಂತ ಕೇಳಿದ. ಕೆಲಸ ಏನಿಲ್ಲ, ಶನಿವಾರ ನಾಲ್ಕು ಗಂಟೆಗೆ ಎಸ್ಕಲೇಟರ್ ಪಕ್ಕ ಬಾ ಅಂದೆ. "ಎಷ್ಟು ಹೊತ್ತು?" ಅಂದ. ಎರಡು ಗಂಟೆ ಅಂದೆ. ಬರ್ತೀನಿ ಅಂದಿದ್ದಾನೆ.

ಕಂಬಿ ಪಕ್ಕ:

ಬಂದರಾ ಇಲ್ಲವಾ ಅಂತ ಶನಿವಾರ ರಾತ್ರಿ ಬಂದು ಹೇಳಬೇಕು ಅಂಕಲ್.